ನಕಲಿ ನದಿಯ ನಿಜ ಚಿತ್ರಗಳು

ನದಿ ಎಂದಮೇಲೆ ಅದಕ್ಕೊಂದು ಹುಟ್ಟು, ಒಂದು ಮುಖ ಇರಬೇಕು. ಎಲ್ಲಿಯೋ ಬೆಟ್ಟದಲ್ಲಿ ಹುಟ್ಟಿ, ಊರುಕೇರಿಗಳನ್ನು ಬಳಸಿ, ಕಡಲನ್ನು ಸೇರುವುದು ಅದರ ಧರ್ಮ. ಆದರೆ ಹುಟ್ಟೂ ಇಲ್ಲದ, ಸೇರುವ ಕಡಲೂ ಇಲ್ಲದ ನದಿಯೊಂದು ಅಮೆರಿಕೆಯಲ್ಲಿದೆ. ಕ್ಯಾಲಿಫೋರ್ನಿಯದ ಆನಹೈಮ್ ಪಟ್ಟಣದ ಡಿಸ್ನಿಲ್ಯಾಂಡ್ ಎಂಬ ವಿನೋದೋದ್ಯಾನದಲ್ಲಿ ಒಂದು ದ್ವೀಪವನ್ನು ಬಳಸಿ ನಿಂತಿರುವ ಈ ನೀರಿಗೆ ‘ಅಮೆರಿಕೆಯ ನದಿಗಳು’ ಎಂಬ ದೊಡ್ಡ ಹೆಸರು. ೧೯೫೫ರಿಂದ ಅದರ ಮೇಲೆ ‘ಮಾರ್ಕ್ ಟ್ವೇನ್’ ಎಂಬ ಬಿಳಿಯ ಉಗಿಹಡಗು ಸಂಚರಿಸುತ್ತ ಬಂದಿದೆ. ಅದರದು ಯಾವ ಊರಿಗೂ ಹೋಗದ ಪ್ರಯಾಣ. ನಮ್ಮ ದೇವಾಲಯಗಳ ತೆಪ್ಪೋತ್ಸವದಂತೆ ಒಂದು ಸುತ್ತು ಬಂದು, ಹತ್ತಿದ ಕಡೆಯಲ್ಲಿಯೇ ಇಳಿಯಬೇಕು.

ಐವತ್ತರ ಮತ್ತು ಅರವತ್ತರ ದಶಕಗಳಲ್ಲಿ ಅಲ್ಲಿಗೆ ಹೋದ ಸಂಸಾರಗಳು ಈ ಹಡಗಿನ ಮುಂದೆ ನಿಂತು, ಅದರ ಕಟಕಟೆಗೆ ಒರಗಿ, ಅಸಂಖ್ಯ ಛಾಯಾಚಿತ್ರಗಳನ್ನು ತೆಗೆದುಕೊಂಡುವು. ಮಕ್ಕಳ ನೆನಪಿಗೆಂದು ತೆಗೆದ ಆ ಚಿತ್ರಗಳು ಈಗ ಹಳೆಯ ಪೆಟ್ಟಿಗೆಗಳಿಂದ ಹೊರಬಂದು ಸಂಗ್ರಾಹಕರ ಕೈಸೇರುತ್ತಿವೆ. ನದಿಯೇ ನಕಲಿ, ಹಡಗು ಆಟದ್ದು. ಇವುಗಳ ಚಿತ್ರದಲ್ಲಿ ಚರಿತ್ರೆ ಏನಿದ್ದೀತು ಎಂದು ಯಾರಾದರೂ ಕೇಳಬಹುದು. ಚರಿತ್ರೆ ಇದೆ, ಅದೂ ಎರಡು ಬಗೆಯದು. ಚಿತ್ರದಲ್ಲಿ ಕಾಣುವುದು ಒಂದು, ಕಾಣದಿರುವುದು ಇನ್ನೊಂದು.

ಮೊದಲು ಅಸಲು ನದಿಯ ಮಾತು. ಮಿಸಿಸಿಪ್ಪಿಯ ಮೇಲೆ ಮೊದಲ ಉಗಿಹಡಗು ಇಳಿದದ್ದು ೧೮೧೧ರಲ್ಲಿ. ಅಲ್ಲಿಯವರೆಗೆ ಪ್ರವಾಹದ ಜೊತೆಗೆ ತೇಲಿ ಹೋಗುವುದು ಸುಲಭ, ಎದುರು ಬರುವುದು ಮಹಾಕಷ್ಟವಾಗಿತ್ತು. ಸುತ್ತಲೂ ಹಲಗೆಗಳನ್ನು ಜೋಡಿಸಿದ ದೊಡ್ಡ ಚಕ್ರವೊಂದನ್ನು ಉಗಿಯ ಬಲದಿಂದ ತಿರುಗಿಸಿ, ಹುಟ್ಟು ಹಾಕುವಂತೆ ನೀರನ್ನು ಹಿಂದಕ್ಕೆ ತಳ್ಳುವ ಹಡಗು ಬಂದಮೇಲೆ ನದಿ ಎರಡು ದಿಕ್ಕಿನ ಹೆದ್ದಾರಿಯಾಯಿತು. ಈ ಹಡಗುಗಳ ಮೇಲೆಯೇ ಸ್ಯಾಮ್ಯುಅಲ್ ಕ್ಲೆಮೆನ್ಸ್ ಎಂಬ ಮಿಸೌರಿಯ ಹುಡುಗ ಕೆಲಸ ಕಲಿತು, ೧೮೫೯ರಲ್ಲಿ ಹಡಗು ನಡೆಸುವ ಪರವಾನಗಿ ಪಡೆದ. ಎರಡೇ ವರ್ಷಗಳಲ್ಲಿ ಅಂತರ್ಯುದ್ಧ ಹತ್ತಿಕೊಂಡು ನದಿಯ ವ್ಯಾಪಾರ ನಿಂತುಹೋಯಿತು, ಆತನ ಉದ್ಯೋಗವೂ ಹೋಯಿತು. ಲೇಖಕನಾದ ಮೇಲೆ ಆತ ಇಟ್ಟುಕೊಂಡ ಹೆಸರು ಹಡಗಿನವರ ಕೂಗು: ‘ಮಾರ್ಕ್ ಟ್ವೇನ್’, ಎಂದರೆ ‘ನೀರು ಎರಡು ಮಾರು’. ಹನ್ನೆರಡು ಅಡಿ ಆಳವಿದೆ, ಹಡಗಿಗೆ ಅಪಾಯವಿಲ್ಲ ಎಂದು ಅದರ ಅರ್ಥ. ೧೮೯೬ರಲ್ಲಿ ಉಪನ್ಯಾಸ ಪ್ರವಾಸದ ಮೇಲೆ ಭಾರತಕ್ಕೂ ಬಂದುಹೋದ ಮಹನೀಯ ಈತನೇ.

ವಾಲ್ಟ್ ಡಿಸ್ನಿ ಬಾಲ್ಯದ ಕೆಲವು ವರ್ಷಗಳನ್ನು ಅದೇ ಮಿಸೌರಿಯಲ್ಲಿ ಕಳೆದವನು. ಕಿತ್ತಳೆ ತೋಟಗಳಿದ್ದ ಜಾಗದಲ್ಲಿ ಉದ್ಯಾನ ಕಟ್ಟಲು ಹೊರಟಾಗ, ಅದಕ್ಕೊಂದು ನದಿಯೂ ನದಿಗೊಂದು ಉಗಿಹಡಗೂ ಬೇಕೆಂದ. ಕಟ್ಟಡದ ಮೇಲ್ವಿಚಾರಣೆಯನ್ನು ಜೋ ಫೌಲರ್ ಎಂಬ ನಿವೃತ್ತ ನೌಕಾಧಿಕಾರಿಗೆ ವಹಿಸಿದ. ಹಡಗಿನ ಒಡಲು ಸ್ಯಾನ್ ಪೆಡ್ರೊ ಬಂದರಿನ ಟಾಡ್ ಹಡಗುಕಟ್ಟೆಯಲ್ಲಿ ಸಿದ್ಧವಾಯಿತು. ಮೇಲಿನ ಅಂತಸ್ತುಗಳನ್ನು ಬರ್ಬ್ಯಾಂಕಿನ ಡಿಸ್ನಿ ಚಿತ್ರಶಾಲೆಯಲ್ಲಿ ಮಾಡಿದರು. ಎರಡನ್ನೂ ಆನಹೈಮಿಗೆ ಸಾಗಿಸಿ ಜೋಡಿಸಿದಾಗ ೧೦೫ ಅಡಿ ಉದ್ದದ ಹಡಗು ಎದ್ದು ನಿಂತಿತು. ಇತ್ತ ನದಿ ತೋಡಿ ನೀರು ಬಿಟ್ಟರೆ, ಮರಳು ನೆಲ ಅದನ್ನೆಲ್ಲ ಕುಡಿದುಬಿಟ್ಟಿತು! ಬಳಿಕ ತಳಕ್ಕೆ ಜೇಡಿಮಣ್ಣು ಮೆತ್ತಿ ನೀರು ನಿಲ್ಲಿಸಬೇಕಾಯಿತು. ನಮ್ಮಲ್ಲಿ ಕೆರೆ ಕಟ್ಟಿದವರಿಗೆ ಈ ಉಪಾಯವನ್ನು ಹೇಳಿಕೊಡಬೇಕಾಗಿಲ್ಲ.

ಈ ಹಡಗಿನಲ್ಲಿ ನಿಜವೂ ಸೋಗೂ ಬೆರೆತಿರುವ ರೀತಿ ವಿನೋದಕರವಾಗಿದೆ. ಬಾಯ್ಲರು ನಿಜ, ಉಗಿ ನಿಜ. ಹಿಂಬದಿಯ ಚಕ್ರ ಉಗಿಯಿಂದಲೇ ತಿರುಗಿ ಹಡಗನ್ನು ಮುಂದಕ್ಕೆ ತಳ್ಳುವುದೂ ನಿಜ. ಆದರೆ ಮೇಲಿನ ಕೊಠಡಿಯಲ್ಲಿ ಚುಕ್ಕಾಣಿ ಹಿಡಿದವನಿಗೆ ದಿಕ್ಕು ತಿರುಗಿಸುವ ಕೆಲಸವಿಲ್ಲ. ನೀರಿನಡಿಯಲ್ಲಿ ಹಾಕಿರುವ ಕಂಬಿ ಹಡಗನ್ನು ರೈಲಿನಂತೆ ನಡೆಸುತ್ತದೆ. ಆ ಕಂಬಿ ಕಾಣಬಾರದೆಂದು ನೀರಿಗೆ ಬಣ್ಣ ಹಾಕಿ ಕದಡಿದಂತೆ ಮಾಡುತ್ತಾರೆ.

೧೯೫೫ರ ಜುಲೈ ೧೩ರ ಸಂಜೆ, ಉದ್ಯಾನದ ಪ್ರಾರಂಭಕ್ಕೆ ನಾಲ್ಕು ದಿನ ಮೊದಲು, ಡಿಸ್ನಿ ದಂಪತಿಗಳು ತಮ್ಮ ಮದುವೆಯ ಮೂವತ್ತನೆಯ ವರ್ಷದ ಸಂತೋಷಕೂಟವನ್ನು ಏರ್ಪಡಿಸಿ, ಅತಿಥಿಗಳನ್ನು ಇದೇ ಹಡಗಿನಲ್ಲಿ ಒಂದು ಸುತ್ತು ಕರೆದೊಯ್ದರು. ೧೭ರಂದು ಐರಿನ್ ಡನ್ ಎಂಬ ಚಿತ್ರನಟಿ ಅಮೆರಿಕೆಯ ಅನೇಕ ನದಿಗಳ ನೀರು ತುಂಬಿದ ಸೀಸೆಯೊಂದಿಗೆ ಹಡಗಿನ ನಾಮಕರಣ ನೆರವೇರಿಸಿದಳು. ಹುಟ್ಟಿಲ್ಲದ ನದಿಗೆ ಹುಟ್ಟಿದ ನದಿಗಳ ನೀರಿನ ಪ್ರೋಕ್ಷಣೆ! ಎಷ್ಟು ಜನರನ್ನು ಹತ್ತಿಸಬಹುದೆಂಬ ಲೆಕ್ಕ ಇನ್ನೂ ಗೊತ್ತಾಗಿರಲಿಲ್ಲವಾಗಿ, ಮೊದಮೊದಲು ಭಾರ ಹೆಚ್ಚಿ ಕೆಳಗಿನ ಅಂತಸ್ತಿಗೆ ನೀರು ಬಂದದ್ದೂ ಉಂಟು.

ಈಗ ಚಿತ್ರಗಳಿಗೆ ಬರೋಣ. ಅವುಗಳಲ್ಲಿ ಬಹಳಷ್ಟು ಸ್ಲೈಡುಗಳು, ಎಂದರೆ ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿದ ಬಣ್ಣದ ಫಿಲ್ಮಿನ ತುಣುಕುಗಳು. ೩೫ ಮಿಲಿಮೀಟರ್ ಕ್ಯಾಮೆರಾಗಳಿಗೆ ೧೯೩೬ರಲ್ಲಿ ಬಂದ ಕೊಡಾಕ್ರೋಮ್ ಫಿಲ್ಮು ಈ ಕಾಲದಲ್ಲಿ ಮಧ್ಯಮ ವರ್ಗದವರ ಮನೆಗಳನ್ನು ಹೊಕ್ಕಿತ್ತು. ಪೆಟ್ಟಿಗೆಯ ಕತ್ತಲಲ್ಲಿ ಕುಳಿತ ಕೊಡಾಕ್ರೋಮಿನ ಬಣ್ಣ ಎಷ್ಟು ವರ್ಷವಾದರೂ ಸುಲಭವಾಗಿ ಮಾಸದು. ಅದೇ ಕಾಲದ ಬೇರೆ ಎಷ್ಟೋ ಫಿಲ್ಮುಗಳು ಬರಬರುತ್ತ ಕೆಂಪಿಗೆ ತಿರುಗಿ, ಹಡಗನ್ನೂ ಆಕಾಶವನ್ನೂ ಒಂದೇ ಬಣ್ಣ ಮಾಡಿಬಿಟ್ಟಿವೆ. ಹಲವು ಚೌಕಟ್ಟುಗಳ ಮೇಲೆ ಫಿಲ್ಮು ತೊಳೆದ ತಿಂಗಳು, ವರ್ಷದ ಮುದ್ರೆ ಇರುತ್ತದೆ.

ಮುದ್ರೆ ಇಲ್ಲದಿದ್ದರೆ ಚಿತ್ರದ ಅಂಚನ್ನು ನೋಡಬೇಕು. ಛಾಯಾಗ್ರಾಹಕ ಗುರಿಯಿಟ್ಟದ್ದು ಹಡಗಿಗೆ; ಕಾಲ ಹೇಳುವುದು ಅವನು ಗಮನಿಸದ ಹಿನ್ನೆಲೆ. ದ್ವೀಪ ಬೋಳಾಗಿ, ದಡದ ಗಿಡಗಳು ಎಳೆಯವಾಗಿದ್ದರೆ ಅದು ಮೊದಲ ವರ್ಷದ ಚಿತ್ರ. ೧೯೫೬ರಲ್ಲಿ ಅಲ್ಲಿ ‘ಟಾಮ್ ಸಾಯರ್ ದ್ವೀಪ’ ತೆರೆಯಿತು. ಮೂರು ಹಾಯಿಕಂಬಗಳ ‘ಕೊಲಂಬಿಯ’ ಹಡಗು ಕಂಡರೆ ೧೯೫೮ರ ಜೂನಿನ ಬಳಿಕದ್ದು. ದೆವ್ವದ ಬಂಗಲೆ ಎದ್ದು ನಿಂತಿದ್ದರೆ ಸುಮಾರು ೧೯೬೩ರ ಈಚಿನದು. ಆದರೆ ಅದರ ಬಾಗಿಲು ಜನಕ್ಕೆ ತೆರೆದದ್ದು ೧೯೬೯ರಲ್ಲಿ. ದಡದಲ್ಲಿ ನ್ಯೂ ಆರ್ಲಿಯನ್ಸ್ ಮಾದರಿಯ ಬೀದಿ ಪ್ರಾರಂಭವಾಗಿದ್ದರೆ ೧೯೬೬ ದಾಟಿತೆಂದು ತಿಳಿಯಬೇಕು. ಮರ ಬೆಳೆಯುತ್ತ ಹೋದಂತೆ ನದಿ ನಿಜವಾಗುತ್ತ ಹೋಗುವುದನ್ನು ಈ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದವರು ಕಾಣಬಹುದು. ನಕಲಿ ನದಿಯ ದಂಡೆಯಲ್ಲಿ ಬೆಳೆದ ಮರ ಮಾತ್ರ ನಕಲಿಯಲ್ಲ.

ಇನ್ನು ಕೆಲವು ಚಿತ್ರಗಳು ಮನಸ್ಸನ್ನು ಕಲಕುತ್ತವೆ. ಹಡಗಿನಿಂದ ತೆಗೆದ ಒಂದು ಬಗೆಯ ಚಿತ್ರದಲ್ಲಿ ಮರದ ದಿಮ್ಮಿಗಳ ಗುಡಿಸಲೊಂದು ಧಗಧಗ ಉರಿಯುತ್ತಿರುತ್ತದೆ. ಇಂಡಿಯನ್ನರು ದಾಳಿ ಮಾಡಿ ಬೆಂಕಿ ಹಚ್ಚಿದರು, ವಲಸೆಗಾರನನ್ನು ಬಾಣದಿಂದ ಕೊಂದರು ಎಂದು ಆಗ ಪ್ರಯಾಣಿಕರಿಗೆ ವಿವರಣೆ ಕೊಡುತ್ತಿದ್ದರು. ಮುಂದಿನ ದಶಕಗಳಲ್ಲಿ ಗುಡಿಸಲು ಅದೇ ಇತ್ತು, ಕಥೆ ಬದಲಾಯಿತು. ಕಳ್ಳಭಟ್ಟಿ ಕಾಯಿಸುವವನ ಅಜಾಗರೂಕತೆಯಿಂದ ಹತ್ತಿದ ಬೆಂಕಿ ಎಂದಾಯಿತು. ಅದೇ ದಡದ ‘ಇಂಡಿಯನ್ ಹಳ್ಳಿ’ಯಲ್ಲಿ ಬೇರೆ ಬೇರೆ ಪಂಗಡಗಳ ನಿಜವಾದ ಮೂಲನಿವಾಸಿಗಳು ತಮ್ಮ ಕುಣಿತಗಳನ್ನು ತೋರಿಸುತ್ತಿದ್ದರು. ೧೯೭೧ರಲ್ಲಿ ಆ ಹಳ್ಳಿ ಮುಚ್ಚಿತು. ಒಂದೇ ಸುತ್ತಿನಲ್ಲಿ ಅವರು ಬೆಂಕಿ ಹಚ್ಚುವವರೂ ಹೌದು, ಕುಣಿದು ರಂಜಿಸುವವರೂ ಹೌದು. ಒಂದು ಜನ ತನ್ನ ನೆರೆಯವರನ್ನು ಯಾವ ಕಣ್ಣಿನಿಂದ ನೋಡಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಆ ಕಥೆ ಈಗ ಹಡಗಿನಲ್ಲಿ ಕೇಳಿಬರುವುದಿಲ್ಲ. ಚಿತ್ರದಲ್ಲಿ ಗುಡಿಸಲು ಇನ್ನೂ ಉರಿಯುತ್ತಿದೆ.

ಚಿತ್ರಗಳಲ್ಲಿ ಕಾಣದಿರುವುದನ್ನೂ ಹೇಳದೆ ಈ ಚರಿತ್ರೆ ಮುಗಿಯದು. ಅಸಲು ನದಿಯ ಉಗಿಹಡಗುಗಳು ಹತ್ತಿಯ ಮೂಟೆಗಳ ಜೊತೆಗೆ ಗುಲಾಮರನ್ನೂ ಹೊತ್ತುವು. ನದಿಯ ಕೆಳಗಿನ ಹತ್ತಿ, ಕಬ್ಬಿನ ತೋಟಗಳಿಗೆ ಮಾರಿಹೋಗುವುದೆಂದರೆ ಅವರಿಗೆ ಯಮಲೋಕಕ್ಕೆ ಹೋದಂತೆ. ಟ್ವೇನನ ಹಕಲ್‌ಬೆರಿ ಫಿನ್ ಕಥೆಯಲ್ಲಿ ಜಿಮ್ ಓಡಿಹೋಗುವುದು ಆ ಭಯದಿಂದಲೇ. ೧೮೩೭ರ ಅಕ್ಟೋಬರ್ ೩೧ರಂದು, ತಾಯ್ನೆಲದಿಂದ ಹೊರದೂಡಲ್ಪಟ್ಟ ಕ್ರೀಕ್ ಪಂಗಡದವರನ್ನು ತುಂಬಿಕೊಂಡು ಹೊರಟಿದ್ದ ‘ಮಾನ್ಮೌತ್’ ಎಂಬ ಹಡಗು ಮಿಸಿಸಿಪ್ಪಿಯಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ೩೦೦ಕ್ಕೂ ಹೆಚ್ಚು ಮಂದಿ ಸತ್ತರು. ಬಾಯ್ಲರು ಸಿಡಿಯುವುದೂ ಆ ನದಿಯ ನಿತ್ಯದ ಭಯವಾಗಿತ್ತು. ೧೮೫೮ರಲ್ಲಿ ‘ಪೆನ್ಸಿಲ್ವೇನಿಯ’ ಹಡಗು ಸಿಡಿದು ಟ್ವೇನನ ತಮ್ಮ ಹೆನ್ರಿಯೇ ತೀರಿಕೊಂಡ. ಯಾರ ಹೆಸರನ್ನು ಹಡಗಿಗೆ ಇಟ್ಟರೋ ಆ ಮನುಷ್ಯ ನದಿಯ ಸೊಬಗನ್ನೂ ಕ್ರೌರ್ಯವನ್ನೂ ಒಟ್ಟಿಗೆ ಬರೆದವನು. ಉದ್ಯಾನದವರು ಸೊಬಗನ್ನು ಇಟ್ಟುಕೊಂಡು ಉಳಿದದ್ದನ್ನು ಸೋಸಿ ತೆಗೆದರು.

ಹಾಗೆಂದು ಆ ಚಿತ್ರಗಳಲ್ಲಿ ನಗುತ್ತ ನಿಂತ ಮಕ್ಕಳ ಸಂತೋಷ ಸುಳ್ಳಲ್ಲ. ಉಗಿಯ ಸಿಳ್ಳು ಕೇಳಿ ಬೆರಗಾದ ಕಿವಿಗಳು ನಿಜ, ಬಿಸಿಲಿಗೆ ಕಿರಿದಾದ ಕಣ್ಣುಗಳು ನಿಜ. ಸಂತೋಷ ನಿಜವಾಗಿದ್ದೂ ಕಥೆ ಅರ್ಧವಾಗಿರಬಹುದು. ಎರಡನ್ನೂ ಒಂದೇ ಚಿತ್ರ ಹಿಡಿದಿಟ್ಟಿದೆ.

ನಕಲಿಗೂ ಆಯುಸ್ಸಿನ ಮಿತಿ ಇದೆ. ೨೦೧೬ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಈ ನದಿಯನ್ನು ಬತ್ತಿಸಿ, ಪಕ್ಕದಲ್ಲಿ ಹೊಸ ವಿಭಾಗ ಕಟ್ಟಲು ಅದರ ಒಂದು ಭಾಗವನ್ನು ಕಡಿದುಹಾಕಿದರು. ೨೦೧೭ರ ಜುಲೈಯಲ್ಲಿ ಹಡಗು ಮತ್ತೆ ಹೊರಟಾಗ ದಾರಿ ಮೊಟಕಾಗಿತ್ತು. ಫ್ಲಾರಿಡದಲ್ಲಿರುವ ಡಿಸ್ನಿಯವರ ಇನ್ನೊಂದು ಉದ್ಯಾನದಲ್ಲಿ ಇಂಥದೇ ನದಿ, ‘ಲಿಬರ್ಟಿ ಬೆಲ್’ ಎಂಬ ಇಂಥದೇ ಹಡಗು ಇದ್ದುವು. ೨೦೨೫ರ ಜುಲೈಯಲ್ಲಿ ಎರಡೂ ಕೊನೆಗೊಂಡುವು. ಕೊಡಾಕ್ರೋಮ್ ಫಿಲ್ಮನ್ನು ತೊಳೆಯುವ ಕೆಲಸವಂತೂ ೨೦೧೦ರ ಕೊನೆಗೇ ನಿಂತಿತ್ತು. ಹೋದ ಹಳೆಯ ನದಿಯ ನೆನಪಿಗೆಂದು ಕಟ್ಟಿದ ನದಿಯೇ ಈಗ ನೆನಪಾಗುತ್ತಿದೆ. ತಿರುವು ಎಲ್ಲಿತ್ತು, ಮರ ಎಷ್ಟೆತ್ತರವಿತ್ತು, ದಡದಲ್ಲಿ ಯಾರನ್ನು ನಿಲ್ಲಿಸಿದ್ದರು ಎಂದು ಕೇಳುವವರಿಗೆ ಉತ್ತರ ಹೇಳಲು, ಯಾರೋ ತಂದೆ ತನ್ನ ಮಗುವನ್ನು ಕಟಕಟೆಯ ಬಳಿ ನಿಲ್ಲಿಸಿ ತೆಗೆದ ಆ ರಟ್ಟಿನ ಚೌಕಟ್ಟಿನ ಚಿತ್ರಗಳು ಉಳಿದಿವೆ.