ಬಿಯರ್ ಲಾರಿ, ರಕ್ತದ ಪೆಟ್ಟಿಗೆ

ಡ್ರೋನ್, ಡ್ರೈವರ್ ಇಲ್ಲದ ಲಾರಿ ಎಂದರೆ ಮುಂದೆ ಬರುವ ಕಾಲದ ಮಾತು ಅಂದುಕೊಳ್ಳುತ್ತೇವೆ. ಎರಡಕ್ಕೂ ಆಗಲೇ ಒಂದಿಷ್ಟು ಇತಿಹಾಸವಿದೆ. 2016ರ ಅಕ್ಟೋಬರ್ ತಿಂಗಳನ್ನೇ ನೋಡಿ.

ಅಮೆರಿಕದ ಕೊಲರಾಡೊದಲ್ಲಿ ಓಟೊ ಕಂಪನಿಯ ಲಾರಿಯೊಂದು 50 ಸಾವಿರಕ್ಕೂ ಹೆಚ್ಚು ಬಿಯರ್ ಕ್ಯಾನ್ ಹೇರಿಕೊಂಡು ಹೆದ್ದಾರಿಯಲ್ಲಿ ಸುಮಾರು 190 ಕಿ.ಮೀ. ತಾನಾಗಿಯೇ ಓಡಿತು. ಡ್ರೈವರ್ ಹಿಂದೆ ಮಲಗುವ ಜಾಗದಲ್ಲಿ ಕೂತಿದ್ದರು. ಊರೊಳಗೆ ಮಾತ್ರ ಸ್ಟೀರಿಂಗ್ ಅವರ ಕೈಯಲ್ಲೇ. ಜೊತೆಗೆ ಪೊಲೀಸ್ ಕಾವಲು ಬೇರೆ! ಓಟೊವನ್ನು ಕೊಂಡಿದ್ದ ಊಬರ್ 2018ರಲ್ಲಿ ಈ ಲಾರಿ ಕೆಲಸವನ್ನೇ ನಿಲ್ಲಿಸಿತು.

ಅದೇ ತಿಂಗಳು ಆಫ್ರಿಕಾದ ರುವಾಂಡಾದಲ್ಲಿ ಜಿಪ್‌ಲೈನ್ ಕಂಪನಿಯ ಡ್ರೋನ್‌ಗಳು ಆಸ್ಪತ್ರೆಗಳಿಗೆ ರಕ್ತ ಒಯ್ಯತೊಡಗಿದವು. ಅದು ಗುಡ್ಡಗಳ ನಾಡು, ಮಳೆ ಬಂದರೆ ಮಣ್ಣುರಸ್ತೆ ನಂಬುವಂತಿಲ್ಲ. ಬಿಯರ್ ಒಂದು ದಿನ ತಡವಾದರೂ ನಡೆಯುತ್ತದೆ. ಹೆರಿಗೆಯಲ್ಲಿ ರಕ್ತ ಹೋಗುತ್ತಿರುವ ತಾಯಿ ಕಾಯುವಂತಿಲ್ಲ. ಹಾಗಂತ ಎಲ್ಲ ಗುಂಪಿನ ರಕ್ತವನ್ನೂ ಸಣ್ಣ ಆಸ್ಪತ್ರೆಯಲ್ಲಿ ತುಂಬಿಟ್ಟರೆ ಅವಧಿ ಮುಗಿದು ಹಾಳಾಗುತ್ತದೆ. ಅದಕ್ಕೇ ರಕ್ತವನ್ನು ಮುಹಾಂಗದ ಬಳಿಯ ಕೇಂದ್ರದಲ್ಲಿಟ್ಟರು. ಬೇಡಿಕೆ ಬಂದ ಕೂಡಲೇ ಕವಣೆ ಕಲ್ಲಿನಂತೆ ಡ್ರೋನನ್ನು ಚಿಮ್ಮಿಸುವುದು. ಅದು ಆಸ್ಪತ್ರೆಯಲ್ಲಿ ಇಳಿಯುವುದೇ ಇಲ್ಲ, ಪ್ಯಾರಾಚೂಟ್ ಕಟ್ಟಿದ ಪೆಟ್ಟಿಗೆ ಬೀಳಿಸಿ ಮರಳುತ್ತದೆ. ಆಗ ಹೊರುತ್ತಿದ್ದುದು ಸುಮಾರು ಒಂದೂವರೆ ಕಿಲೋ ಅಷ್ಟೇ. ಡ್ರೋನ್ ಬಂದರೆ ಲಾರಿಯವರ ಹೊಟ್ಟೆಪಾಡು ಹೋಯಿತು ಎನ್ನುವವರು ಇದನ್ನು ಗಮನಿಸಬೇಕು: ಈರುಳ್ಳಿ ಲೋಡ್ ಎತ್ತುವ ಯಂತ್ರ ಇದಲ್ಲ. ಡ್ರೈವರ್‌ಗಳು ಕಣ್ಣಿಡಬೇಕಾದದ್ದು ಆ ಇನ್ನೊಂದರ ಮೇಲೆ.

ರಕ್ತದ ಸೇವೆ ನಿಲ್ಲಲಿಲ್ಲ. 2019ರಲ್ಲಿ ಘಾನಾ ದೇಶಕ್ಕೂ ಹೋಯಿತು. 2021ರ ಜೂನ್‌ನಲ್ಲಿ, ಬೇರೆ ಕಂಪನಿಯಿಂದ, ನಮ್ಮ ಗೌರಿಬಿದನೂರಿನಲ್ಲೂ ಔಷಧ ಸಾಗಿಸುವ ಡ್ರೋನ್‌ಗಳ ಪರೀಕ್ಷೆ ನಡೆಯಿತು.