ಬಾಲ್ಯದ ಹಾನಿಯೂ ಸಿವಿಲ್ ಹಕ್ಕೂ: ಮೈಸೂರು ಸೀಮೆಯ ಶಾಸನಗಳ ಒಂದು ಪರ್ಯಾಲೋಚನೆ

೧

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯು ಹಿಂದೆ ಬಂಗಾರಪೇಟೆ ತಾಲ್ಲೂಕಿನಲ್ಲಿದ್ದು ಈಗ ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿದೆ. ಸ್ವಾತಂತ್ರ್ಯಾನಂತರ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾಗಿದ್ದ ಕೆ. ಚೆಂಗಲರಾಯ ರೆಡ್ಡಿಯವರು ೧೯೦೨ರಲ್ಲಿ ಜನಿಸಿದ ಊರು ಇದು. ಇದರ ಸಮೀಪದಲ್ಲಿಯೇ, ೨೦೦೧ರಲ್ಲಿ ಮುಚ್ಚಿಹೋದ ಕೋಲಾರದ ಚಿನ್ನದ ಗಣಿಗಳಿವೆ. ಪೂರ್ವಕ್ಕೆ ಕೆಲವು ಹರದಾರಿ ನಡೆದರೆ, ಹಿಂದೆ ಮದರಾಸು ಪ್ರಾಂತಕ್ಕೆ ಸೇರಿದ್ದ ಚಿತ್ತೂರು ಜಿಲ್ಲೆಯ ಎಲ್ಲೆ ಸಿಕ್ಕುತ್ತದೆ. ಗಣಿ, ಗಡಿ, ಸಂವಿಧಾನ ಈ ಮೂರೂ ಕೂಡುವ ಈ ನೆಲದಲ್ಲಿ ನಿಂತು, ನಮ್ಮ ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಮುಟ್ಟದ ಒಂದು ವಿಷಯವನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ. ಬಾಲ್ಯದಲ್ಲಿ ಲೈಂಗಿಕ ಶೋಷಣೆಗೆ ಒಳಗಾದವರಿಗೆ, ಅಪರಾಧಿಗೆ ಆಗುವ ಶಿಕ್ಷೆಯನ್ನು ಬಿಟ್ಟು, ತಮ್ಮದೇ ಆದ ಸಿವಿಲ್ ಹಕ್ಕು ಏನಾದರೂ ಉಂಟೆ? ಉಂಟಾದರೆ ಅದು ಹೇಗೆ, ಯಾವಾಗ ಬಂದಿತು?

ಗಣಿಯ ಉದಾಹರಣೆಯಿಂದಲೇ ಪ್ರಾರಂಭಿಸುವುದು ಅನುಕೂಲ. ೧೯೨೩ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ನಷ್ಟಪರಿಹಾರದ ಕಾಯಿದೆ ಅಂಗೀಕಾರವಾಯಿತು. ಮೈಸೂರು ಸಂಸ್ಥಾನವೂ ಅದೇ ದಾರಿಯನ್ನು ಹಿಡಿಯಿತು. ಈ ಶಾಸನದ ಹೊಸತನವೆಂದರೆ, ಕೆಲಸದಲ್ಲಿ ಹೆಬ್ಬೆರಳನ್ನೋ ಕಣ್ಣನ್ನೋ ಕಳೆದುಕೊಂಡವನು ಮಾಲೀಕನ ತಪ್ಪನ್ನು ರುಜುವಾತುಪಡಿಸಬೇಕಾಗಿರಲಿಲ್ಲ. ಯಾವ ಅಂಗಕ್ಕೆ ಎಷ್ಟು ನಷ್ಟವೆಂಬುದಕ್ಕೆ ಪಟ್ಟಿಯೇ ಇದ್ದಿತು. ಕೇಳುವವನು ಯಾರು, ಕೊಡುವವನು ಯಾರು, ಎಷ್ಟು ಕಾಲದೊಳಗೆ ಕೇಳಬೇಕು ಎಂಬ ಮೂರು ಪ್ರಶ್ನೆಗಳಿಗೂ ಕಾಯಿದೆಯಲ್ಲಿ ಸ್ಪಷ್ಟವಾದ ಉತ್ತರವಿದ್ದಿತು. ಅದೇ ಕಾಲದಲ್ಲಿ, ಅದೇ ಗಣಿಯ ಕೇರಿಯಲ್ಲಿ, ಒಂದು ಮಗುವಿನ ಮೇಲೆ ಲೈಂಗಿಕ ಅತ್ಯಾಚಾರ ನಡೆದಿದ್ದರೆ ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅಂಥ ಉತ್ತರವಿರಲಿಲ್ಲ. ಅಪರಾಧಿಯನ್ನು ಸರ್ಕಾರ ಶಿಕ್ಷಿಸಬಹುದಾಗಿತ್ತು. ಮಗುವು ಸಾಕ್ಷಿ ಹೇಳಿ ಮನೆಗೆ ಹೋಗಬೇಕಾಗಿತ್ತು. ಈ ಅಂತರವು ಹೇಗೆ ಹುಟ್ಟಿತು, ಎಷ್ಟರಮಟ್ಟಿಗೆ ತುಂಬಿತು ಎಂಬುದನ್ನು ಆ ಮೂರು ಪ್ರಶ್ನೆಗಳನ್ನೇ ಹಿಡಿದು ನೋಡೋಣ.

೨

ಹಿಂದಿನ ಸಮಾಜದಲ್ಲಿ ಇಂಥ ಬಾಲೆಯರಿಗೆ ಸಿವಿಲ್ ಹಕ್ಕುಗಳೇ ಇರಲಿಲ್ಲವೆಂದು ಹೇಳಿದರೆ ಅದು ಸರಿಯಾಗಲಾರದು. ಬಳ್ಳಾರಿ ಸೀಮೆಯಲ್ಲಿಯೂ ಮೈಸೂರು ಸಂಸ್ಥಾನದ ಕೆಲವು ಭಾಗಗಳಲ್ಲಿಯೂ ರೂಢಿಯಲ್ಲಿದ್ದ ಬಸವಿ ಬಿಡುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಾಸೆಟ್ ಎಂಬವರು ವಿವರಿಸಿದ್ದಾರೆ. ಗಂಡು ಸಂತಾನವಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟರೆ ಅವಳಿಗೆ ಮಗನ ಸ್ಥಾನವು ದೊರೆಯುತ್ತಿದ್ದಿತು. ತಂದೆಯ ಆಸ್ತಿಯಲ್ಲಿ ಪಾಲು ಸಲ್ಲುತ್ತಿದ್ದಿತು. ಅವಳ ಮಕ್ಕಳು ತಾಯಿಯ ತವರಿನ ವಂಶಕ್ಕೆ ಸೇರುತ್ತಿದ್ದರು. ದೇವಾಲಯಗಳ ದೇವದಾಸಿಯರಿಗೂ ಇನಾಮು ಭೂಮಿ, ದತ್ತು ಸ್ವೀಕಾರ ಮೊದಲಾದ ಹಕ್ಕುಗಳಿದ್ದವು. ಆದರೆ ಆ ಹಕ್ಕಿನ ಸ್ವರೂಪವನ್ನು ಗಮನಿಸಬೇಕು. ತಿಳಿವಳಿಕೆ ಬಾರದ ವಯಸ್ಸಿನಲ್ಲಿ ಹುಡುಗಿಯನ್ನು ಒಪ್ಪಿಸಿದ್ದಕ್ಕೆ ಬದಲಾಗಿ ಬಂದ ಹಕ್ಕು ಅದು. ಸೇವೆಯನ್ನು ನಿರಾಕರಿಸಿದರೆ ಭೂಮಿಯನ್ನೂ ಬಿಡಬೇಕಾಗಿತ್ತು. ಅಂದರೆ, ಹಾನಿಗೆ ಪರಿಹಾರವಾಗಿ ಅಲ್ಲ, ಹಾನಿಯು ಮುಂದುವರಿಯಲೆಂಬ ಷರತ್ತಿನ ಮೇಲೆ ಹಕ್ಕನ್ನು ಕೊಡಲಾಗಿತ್ತು.

ಮೈಸೂರು ಸಂಸ್ಥಾನದ ಶಾಸಕರು ಈ ಕ್ಷೇತ್ರಕ್ಕೆ ಮೊದಲು ಕೈಹಾಕಿದ್ದು ವಿವಾಹದ ಮೂಲಕ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ೧೮೯೪ರಲ್ಲಿ ಶಿಶುವಿವಾಹ ನಿಷೇಧದ ರೆಗ್ಯುಲೇಷನ್ ಹೊರಟಿತು. ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ದಂಡಾರ್ಹ ಮಾಡಿತು. ಇದಕ್ಕೆ ಮೂರು ವರ್ಷ ಮುಂಚೆ, ೧೮೯೧ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ಎದ್ದ ಕೋಲಾಹಲವನ್ನು ನೆನೆದರೆ, ಒಂದು ದೇಶೀಯ ಸಂಸ್ಥಾನದ ಈ ಕ್ರಮವು ಧೈರ್ಯದ್ದೇ ಸರಿ. ಆದರೂ ಇದು ದೊಡ್ಡವರಿಗೆ ಹಾಕಿದ ದಂಡ; ಹುಡುಗಿಯ ಕೈಗೆ ಕೊಟ್ಟ ಹಕ್ಕಲ್ಲ. ೧೯೨೯ರ ಬಾಲ್ಯವಿವಾಹ ನಿರ್ಬಂಧ ಕಾಯಿದೆಯಲ್ಲಿಯೂ ಇದೇ ಕೊರತೆಯನ್ನು ಕಾಣುತ್ತೇವೆ. ಮದುವೆ ಮಾಡಿಸಿದವರಿಗೆ ಶಿಕ್ಷೆಯಾದರೂ ಮದುವೆಯು ಊರ್ಜಿತವಾಗಿಯೇ ಉಳಿಯುತ್ತಿದ್ದಿತು.

ಎರಡನೆಯ ಹೆಜ್ಜೆ ದೇವಾಲಯಗಳಿಗೆ ಸಂಬಂಧಿಸಿದ್ದು. ೧೯೦೯ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅದರ ಬೆನ್ನಿಗೆ ಬಾಲೆಯರನ್ನು ಆ ವೃತ್ತಿಗೆ ಸೇರಿಸುವ ಗೆಜ್ಜೆಪೂಜೆಗೂ ಅಲ್ಲಿ ತಡೆಯಾಯಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು ತಮ್ಮ ವಂಶಪರಂಪರೆಯ ಹಕ್ಕಿಗೆ ಚ್ಯುತಿ ಬಂದಿತೆಂದು ಸರ್ಕಾರಕ್ಕೆ ಅರಿಕೆ ಮಾಡಿಕೊಂಡರು. ಸರ್ಕಾರವು ತನ್ನ ನಿರ್ಧಾರವನ್ನು ಬದಲಿಸಲಿಲ್ಲ. ಈ ಪ್ರಸಂಗವನ್ನು ಸುಧಾರಣೆಗೂ ಸಂಪ್ರದಾಯಕ್ಕೂ ನಡೆದ ತಿಕ್ಕಾಟವೆಂದು ವರ್ಣಿಸುವುದು ವಾಡಿಕೆ. ನಮ್ಮ ದೃಷ್ಟಿಯಿಂದ ಅದರಲ್ಲಿ ಬೇರೊಂದು ಪಾಠವಿದೆ. ದೇವಾಲಯದ ಪಾವಿತ್ರ್ಯ, ಸಾರ್ವಜನಿಕ ನೀತಿ ಇವು ಚರ್ಚೆಯಾದವು. ಬಾಲ್ಯದಲ್ಲಿಯೇ ಈ ವೃತ್ತಿಗೆ ಸೇರಿಸಲ್ಪಟ್ಟವರಿಗೆ ಯಾರಿಂದ ಏನು ಸಲ್ಲಬೇಕೆಂಬ ಪ್ರಶ್ನೆಯನ್ನು ಮುಖ್ಯವೆಂದು ಯಾರೂ ಎತ್ತಿಕೊಳ್ಳಲಿಲ್ಲ.

ಆ ಪ್ರಶ್ನೆಗೆ ಭಾಗಶಃ ಉತ್ತರವು ಕ್ಯಾಸಂಬಳ್ಳಿಯ ಪೂರ್ವದ ಗಡಿಯಾಚೆ ಹುಟ್ಟಿತು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಮದರಾಸು ಶಾಸನಸಭೆಯು ೧೯೨೯ರಲ್ಲಿ ಅಂಗೀಕರಿಸಿದ ತಿದ್ದುಪಡಿಯು ಇನಾಮು ಭೂಮಿಗೂ ದೇವಾಲಯದ ಸೇವೆಗೂ ಇದ್ದ ಗಂಟನ್ನು ಬಿಚ್ಚಿತು. ಸೇವೆಯಿಂದ ಬಿಡುಗಡೆಯಾದ ಮೇಲೆಯೂ ಭೂಮಿಯು ಆ ಸ್ತ್ರೀಯರಲ್ಲಿಯೇ ನಿಲ್ಲುವಂತಾಯಿತು. ಅರ್ಪಣೆಯನ್ನೇ ನಿಷೇಧಿಸುವ ಕಾಯಿದೆ ಅಲ್ಲಿ ಬಂದದ್ದು ೧೯೪೭ರಲ್ಲಿ. ಮುಂಬಯಿ ಪ್ರಾಂತದಲ್ಲಿ ಅದು ೧೯೩೪ರಲ್ಲಿಯೇ ಬಂದಿದ್ದಿತು. ಶಿಕ್ಷೆಯ ಶಾಸನಕ್ಕಿಂತ ಹದಿನೆಂಟು ವರ್ಷ ಮುಂಚೆ ಮದರಾಸು ಆಸ್ತಿಯ ಶಾಸನವನ್ನು ಮಾಡಿತೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಬದುಕಲು ನೆಲವಿಲ್ಲದವಳಿಗೆ ಬಿಡುಗಡೆಯು ಬರಿಯ ಮಾತಾಗುತ್ತದೆಂಬ ವಿವೇಕ ಅದರ ಹಿಂದಿದ್ದಿತು.

೩

೧೯೫೦ರ ಸಂವಿಧಾನವು ಈ ಚರ್ಚೆಯ ನೆಲೆಯನ್ನೇ ಬದಲಾಯಿಸಿತು. ಚೆಂಗಲರಾಯ ರೆಡ್ಡಿಯವರು ಮೈಸೂರಿನ ಪ್ರತಿನಿಧಿಯಾಗಿ ಕುಳಿತಿದ್ದ ರಚನಾ ಸಭೆಯು ೨೩ನೆಯ ಅನುಚ್ಛೇದದಲ್ಲಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿತು. ಮಕ್ಕಳನ್ನು ಶೋಷಣೆಯಿಂದ ಕಾಪಾಡುವುದು ರಾಜ್ಯದ ಕರ್ತವ್ಯವೆಂದು ೩೯ನೆಯ ಅನುಚ್ಛೇದದಲ್ಲಿ ಹೇಳಿತು. ಆದರೆ ಇದು ವ್ಯಕ್ತಿಗೆ ಸಲ್ಲುವ ಹಣವಾಗಿ, ಆಶ್ರಯವಾಗಿ ಪರಿಣಮಿಸಲು ಬಹಳ ಕಾಲ ಹಿಡಿಯಿತು.

ಕರ್ನಾಟಕದ ೧೯೮೨ರ ದೇವದಾಸಿ ಸಮರ್ಪಣ ನಿಷೇಧ ಕಾಯಿದೆಯು ಅರ್ಪಣೆಯನ್ನು ಅಸಿಂಧುವೆಂದು ಸಾರಿತು. ಅರ್ಪಿತೆಯಾದವಳ ವಿವಾಹವು ಊರ್ಜಿತವೆಂದಿತು. ಒಪ್ಪಿಸಿದ ತಂದೆತಾಯಿಗಳಿಗೆ ಹೆಚ್ಚಿನ ಶಿಕ್ಷೆಯನ್ನು ಗೊತ್ತುಮಾಡಿತು. ಆದರೆ ನಷ್ಟಪರಿಹಾರದ ಹಕ್ಕು ಅದರಲ್ಲಿರಲಿಲ್ಲ. ಮುಂದೆ ಸರ್ಕಾರವು ೧೯೯೩-೯೪ರಲ್ಲಿ ೨೨,೮೭೩ ಮಂದಿಯನ್ನೂ ೨೦೦೭-೦೮ರಲ್ಲಿ ೨೩,೭೮೭ ಮಂದಿಯನ್ನೂ, ಮುಖ್ಯವಾಗಿ ಉತ್ತರದ ಜಿಲ್ಲೆಗಳಲ್ಲಿ, ಸಮೀಕ್ಷೆಯಿಂದ ಗುರುತಿಸಿತು. ಇವರಿಗೆ ದೊರೆತ ಮಾಸಾಶನ, ಸಾಲ, ಮನೆ ಇವೆಲ್ಲ ಸರ್ಕಾರದ ಯೋಜನೆಗಳಾಗಿ ಬಂದವು. ಯೋಜನೆಗೂ ಹಕ್ಕಿಗೂ ವ್ಯತ್ಯಾಸವಿದೆ. ಯೋಜನೆಯ ಪಟ್ಟಿಯಲ್ಲಿ ಹೆಸರಿಲ್ಲದವಳು ಕಚೇರಿಯ ಬಾಗಿಲಲ್ಲಿ ಬೇಡಬೇಕು. ಹಕ್ಕುಳ್ಳವಳು ನ್ಯಾಯಾಲಯದಲ್ಲಿ ಕೇಳಬಹುದು. ೨೦೨೫ರಲ್ಲಿ ರಾಜ್ಯದ ವಿಧಾನಮಂಡಲವು ಅಂಗೀಕರಿಸಿದ ಹೊಸ ಮಸೂದೆಯು, ದೇವದಾಸಿಯರ ಮಕ್ಕಳು ತಂದೆಯನ್ನು ಗುರುತಿಸಿಕೊಂಡು ಅವನ ಆಸ್ತಿಯಲ್ಲಿ ಪಾಲು ಕೇಳುವುದಕ್ಕೆ ಅವಕಾಶ ಕಲ್ಪಿಸಿ, ಯೋಜನೆಯಿಂದ ಹಕ್ಕಿನ ಕಡೆಗೆ ಸರಿದಿದೆ.

ಬಾಲ್ಯವಿವಾಹದ ಕ್ಷೇತ್ರದಲ್ಲಿ ಇದೇ ಸ್ಥಿತ್ಯಂತರವು ೨೦೦೬ರ ಕಾಯಿದೆಯಿಂದ ಆಯಿತು. ಮದುವೆಯಾದಾಗ ಅಪ್ರಾಪ್ತ ವಯಸ್ಸಿನಲ್ಲಿದ್ದವರೇ ಅದನ್ನು ರದ್ದುಪಡಿಸಲು ಕೇಳಬಹುದು. ಹುಡುಗಿಗೆ ಜೀವನಾಂಶವೂ ವಾಸಸ್ಥಾನವೂ ಸಲ್ಲುತ್ತವೆ. ಹುಟ್ಟಿದ ಮಕ್ಕಳು ಔರಸರೆನಿಸುತ್ತಾರೆ. ಕರ್ನಾಟಕವು ತನ್ನ ತಿದ್ದುಪಡಿಯಿಂದ ಇನ್ನೂ ಮುಂದೆ ಹೋಗಿ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅನೂರ್ಜಿತವೆಂದಿತು. ೨೦೧೭ರಲ್ಲಿ ಸುಪ್ರೀಂ ಕೋರ್ಟು, ಹದಿನೆಂಟು ತುಂಬದ ಹೆಂಡತಿಯೊಡನೆ ನಡೆಸಿದ ಸಂಭೋಗವೂ ಅತ್ಯಾಚಾರವೇ ಎಂದು ತೀರ್ಪು ಕೊಡುವಾಗ ಕರ್ನಾಟಕದ ಈ ಕ್ರಮವನ್ನು ಮೆಚ್ಚಿಕೊಂಡಿತು.

ನಷ್ಟಪರಿಹಾರದ ವಿಚಾರದಲ್ಲಿ ದಾರಿ ಮಾಡಿದ್ದು ನ್ಯಾಯಾಲಯಗಳು. ೧೯೯೪ರಲ್ಲಿ ದೆಹಲಿಯ ಮನೆಗೆಲಸದ ಹೆಣ್ಣುಮಕ್ಕಳ ಪ್ರಕರಣದಲ್ಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ಪರಿಹಾರ ಕೊಡಲು ಒಂದು ಮಂಡಳಿ ಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಬೋಧಿಸತ್ತ್ವ ಗೌತಮ ಪ್ರಕರಣದಲ್ಲಿ, ವಿಚಾರಣೆ ಮುಗಿಯುವ ಮೊದಲೇ ತಿಂಗಳಿಗೆ ಒಂದು ಸಾವಿರ ರೂಪಾಯಿಯ ಮಧ್ಯಂತರ ಪರಿಹಾರವನ್ನು ವಿಧಿಸಿತು. ೨೦೦೮ರ ತಿದ್ದುಪಡಿಯಿಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸೇರಿದ ೩೫೭ಎ ಪ್ರಕರಣವು ರಾಜ್ಯಗಳು ಪರಿಹಾರ ಯೋಜನೆ ರೂಪಿಸಬೇಕೆಂದಿತು. ಕರ್ನಾಟಕದ ಯೋಜನೆಯು ೨೦೧೧ರ ಹೆಸರಿನಲ್ಲಿದೆ. ೨೦೨೪ರ ಜುಲೈಯಿಂದ ಈ ವಿಧಿಯು ಹೊಸ ಸಂಹಿತೆಯ ೩೯೬ನೆಯ ಪ್ರಕರಣವಾಗಿದೆ.

೪

ಇವೆಲ್ಲಕ್ಕಿಂತ ಮುಖ್ಯವಾದುದು ೨೦೧೨ರ ನವೆಂಬರ್ ೧೪ರಂದು ಜಾರಿಗೆ ಬಂದ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯಿದೆ. ಹುಡುಗರನ್ನೂ ಹುಡುಗಿಯರನ್ನೂ ಅದು ಸಮನಾಗಿ ರಕ್ಷಿಸುತ್ತದೆ. ವಿಶೇಷ ನ್ಯಾಯಾಲಯವು ಶಿಕ್ಷೆಯ ಜೊತೆಗೆ ಮಗುವಿಗೆ ಪರಿಹಾರವನ್ನೂ ವಿಧಿಸಬಹುದು. ೨೦೨೦ರ ನಿಯಮಗಳ ಪ್ರಕಾರ, ದೂರು ದಾಖಲಾದ ಮೇಲೆ ಯಾವ ಹಂತದಲ್ಲಿಯಾದರೂ ಮಧ್ಯಂತರ ಪರಿಹಾರ ದೊರೆಯಬಹುದು. ಆರೋಪಿಯು ಬಿಡುಗಡೆಯಾದರೂ, ಪತ್ತೆಯಾಗದಿದ್ದರೂ, ಮಗುವಿಗೆ ನಷ್ಟವಾಗಿದೆಯೆಂದು ಕಂಡರೆ ನ್ಯಾಯಾಲಯವು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಆಜ್ಞೆ ತಲುಪಿದ ಮೂವತ್ತು ದಿನಗಳೊಳಗೆ ರಾಜ್ಯವು ಹಣ ಕೊಡಬೇಕು. ಮೊತ್ತವನ್ನು ಗೊತ್ತುಮಾಡುವಾಗ ಚಿಕಿತ್ಸೆಯ ವೆಚ್ಚ, ತಪ್ಪಿಹೋದ ವಿದ್ಯಾಭ್ಯಾಸ, ಅಪರಾಧಿಯೊಡನೆ ಇದ್ದ ಸಂಬಂಧ, ಕೃತ್ಯವು ಒಮ್ಮೆ ನಡೆದುದೋ ಬಹುಕಾಲ ನಡೆದುದೋ ಎಂಬಿವನ್ನೆಲ್ಲ ಎಣಿಸಬೇಕು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ೨೦೧೮ರ ಯೋಜನೆಯು ಅತ್ಯಾಚಾರಕ್ಕೆ ೪ರಿಂದ ೭ ಲಕ್ಷ ರೂಪಾಯಿಗಳನ್ನು ಸೂಚಿಸಿ, ಬಾಧಿತೆಯು ಅಪ್ರಾಪ್ತಳಾದರೆ ಈ ಮಿತಿಯನ್ನು ಶೇಕಡ ೫೦ರಷ್ಟು ಹೆಚ್ಚಿಸಿದೆ. ಗಣಿಯ ಕಾರ್ಮಿಕನಿಗೆ ಒಂದು ಶತಮಾನದ ಹಿಂದೆ ದೊರೆತ ತತ್ತ್ವ, ಎಂದರೆ ತಪ್ಪಿತಸ್ಥನ ರುಜುವಾತಿಗೆ ಕಾಯದೆ ಹಾನಿಯನ್ನೇ ನೋಡಿ ಪರಿಹಾರ ಕೊಡುವ ತತ್ತ್ವ, ಈಗ ಮಗುವಿಗೂ ದೊರೆತಂತಾಯಿತು. ಕೇಳುವವರು ಯಾರು, ಕೊಡುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಹೀಗೆ ಉತ್ತರ ಸಿಕ್ಕಿದೆ.

ಮೂರನೆಯದಾದ ಕಾಲದ ಪ್ರಶ್ನೆಯು ಮಾತ್ರ ಹಾಗೆಯೇ ನಿಂತಿದೆ. ಅಪರಾಧಿಯ ಮೇಲೆ ನೇರವಾಗಿ ಸಿವಿಲ್ ದಾವೆ ಹೂಡಬೇಕೆಂದರೆ ೧೯೬೩ರ ಕಾಲಮಿತಿ ಕಾಯಿದೆ ಅಡ್ಡ ಬರುತ್ತದೆ. ಅಪ್ರಾಪ್ತರಿಗೆ ಹದಿನೆಂಟು ತುಂಬುವವರೆಗೆ ವಾಯಿದೆಯು ಎಣಿಕೆಯಾಗುವುದಿಲ್ಲ. ಆದರೆ ತುಂಬಿದ ಮೇಲೆ ಈ ವಿನಾಯಿತಿಯು ಮೂರು ವರ್ಷಗಳಿಗೆ ಮೀರದು. ಇಪ್ಪತ್ತೊಂದು ದಾಟಿದವರಿಗೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದಂತೆಯೇ. ಅದಕ್ಕೆ ಮೊದಲು ಮಗುವಿನ ಪರವಾಗಿ ಹಿರಿಯರೊಬ್ಬರು ದಾವೆ ಹೂಡಬೇಕು. ಶೋಷಣೆ ಮಾಡಿದವನೇ ಮನೆಯ ಹಿರಿಯನಾಗಿದ್ದರೆ ಹೂಡುವವರು ಯಾರು? ಬಾಲ್ಯದ ಈ ಬಗೆಯ ಗಾಯವನ್ನು ಬಾಯಿಬಿಟ್ಟು ಹೇಳುವುದಕ್ಕೆ ಹಲವರಿಗೆ ಮೂವತ್ತು, ನಲವತ್ತು ವರ್ಷಗಳೇ ಬೇಕಾಗುತ್ತವೆಂಬುದನ್ನು ಲೋಕವೇ ಈಗ ಒಪ್ಪಿದೆ. ಘೋರ ಅಪರಾಧಕ್ಕೆ ಕ್ರಿಮಿನಲ್ ಮೊಕದ್ದಮೆ ಹೂಡಲು ಕಾಲಮಿತಿಯಿಲ್ಲ. ಹೀಗಾಗಿ ನಲವತ್ತರ ವಯಸ್ಸಿನ ಸ್ತ್ರೀಯೊಬ್ಬಳು ಅಪರಾಧಿಯನ್ನು ಸೆರೆಮನೆಗೆ ಕಳುಹಿಸಬಲ್ಲಳು, ಅವನ ಮೇಲೆ ನಷ್ಟದ ದಾವೆಯನ್ನು ಹೂಡಲಾರಳು. ಪುನಃ ಅವಳು ಸಾಕ್ಷಿಯ ಸ್ಥಾನಕ್ಕೇ ಹಿಂದಿರುಗುತ್ತಾಳೆ.

ಇತರ ದೇಶಗಳು ಈ ತೊಡಕನ್ನು ಬಿಡಿಸಿಕೊಂಡಿವೆ. ಐರ್ಲೆಂಡು ೨೦೦೨ರಲ್ಲಿ, ಮಕ್ಕಳ ವಸತಿಸಂಸ್ಥೆಗಳಲ್ಲಿ ಪೀಡನೆಗೊಳಗಾಗಿ ಬೆಳೆದವರಿಗೆ ಪರಿಹಾರ ಕೊಡಲು ಪ್ರತ್ಯೇಕ ಶಾಸನವನ್ನೇ ಮಾಡಿತು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು ೨೦೧೫ರಲ್ಲಿ ಇಂಥ ದಾವೆಗಳಿಗೆ ಕಾಲಮಿತಿಯನ್ನೇ ತೆಗೆದುಹಾಕಿತು. ಆ ದೇಶದಲ್ಲಿ ರಾಯಲ್ ಕಮಿಷನ್ನಿನ ವಿಚಾರಣೆಯ ಫಲವಾಗಿ ೨೦೧೮ರಿಂದ ರಾಷ್ಟ್ರೀಯ ಪರಿಹಾರ ಯೋಜನೆಯೂ ನಡೆಯುತ್ತಿದೆ. ನಮ್ಮಲ್ಲಿ ಕಾಲಮಿತಿ ಕಾಯಿದೆಗೆ ಒಂದು ಸಣ್ಣ ತಿದ್ದುಪಡಿಯಾದರೆ ಸಾಕಾಗಬಹುದು.

ಉಪಸಂಹಾರದಲ್ಲಿ ನಾವು ಹೇಳಬೇಕಾದುದು ಇಷ್ಟೆ. ೧೮೯೪ರ ಶಾಸನವು ಮಗುವನ್ನು ಕರುಣೆಯ ವಸ್ತುವೆಂದು ಕಂಡಿತು. ೧೯೦೯ರ ಆಜ್ಞೆಯು ನೀತಿಯ ಪ್ರಶ್ನೆಯೆಂದು ಕಂಡಿತು. ೨೦೧೨ರ ಕಾಯಿದೆಯು ಹಕ್ಕುಳ್ಳ ವ್ಯಕ್ತಿಯೆಂದು ಒಪ್ಪಿತು. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಸ್ತ್ರೀಯರಿಗೂ ಮಕ್ಕಳಿಗೂ ವರಮಾನವನ್ನು ನೋಡದೆ ಉಚಿತ ಕಾನೂನು ನೆರವು ಸಲ್ಲತಕ್ಕದ್ದೆಂದು ೧೯೮೭ರ ಕಾಯಿದೆ ಹೇಳುತ್ತದೆ. ಅದಕ್ಕಾಗಿ ಪ್ರತಿ ಜಿಲ್ಲೆಯಲ್ಲಿಯೂ, ಅಂತೆಯೇ ಕೋಲಾರದಲ್ಲಿಯೂ, ಕಾನೂನು ಸೇವೆಗಳ ಪ್ರಾಧಿಕಾರವಿದೆ. ಈ ಪುಟಗಳನ್ನು ಓದುವ ಅಧ್ಯಾಪಕರಲ್ಲಿ ಅನೇಕರು ಇಂಥ ಊರುಗಳಿಂದ ಬಂದ ವಿದ್ಯಾರ್ಥಿಗಳಿಗೇ ಪಾಠ ಹೇಳುವವರು. ಇಪ್ಪತ್ತು ತುಂಬಿದ ಒಬ್ಬ ವಿದ್ಯಾರ್ಥಿನಿಗೆ, ತನಗೆ ಉಳಿದಿರುವ ವಾಯಿದೆ ಒಂದೇ ವರ್ಷವೆಂದು ಸಕಾಲದಲ್ಲಿ ತಿಳಿಸುವುದೂ ನಮ್ಮ ಅಧ್ಯಾಪನದ ಒಂದು ಭಾಗವೆಂದು ನಾವು ತಿಳಿಯುತ್ತೇವೆ.