ಹೋಬಳಿದಾರ, ಕಂದಾಚಾರ ಮತ್ತು ಒಂದು ರಿಲೀವಿಂಗ್ ಲೆಟರ್

"ಬೆಳ್ಳಾವಿ ಹೋಬಳಿ, ತುಮಕೂರು ತಾಲ್ಲೂಕು". ಶಾಲೆ ಅರ್ಜಿಯಿಂದ ಹಿಡಿದು ಪಹಣಿ ತನಕ ಇದನ್ನ ಬರೆದಿದ್ದೇ ಬರೆದಿದ್ದು. ಆದರೆ ಹಳೇ ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಬ್ಬ 'ಹೋಬಳಿದಾರ' ಇರುತ್ತಿದ್ದ, ಅವನು ಪೊಲೀಸು ಅಂತ ನಿಮಗೆ ಗೊತ್ತಿತ್ತಾ? ಕಂದಾಯಕ್ಕೆ ಶೇಕದಾರ, ಕಾವಲಿಗೆ ಹೋಬಳಿದಾರ. ಅವನ ಕೈಕೆಳಗೆ ದಫೇದಾರರು, ಕಂದಾಚಾರದ ಪೇದೆಗಳು.

ಇವತ್ತು ಕಂದಾಚಾರ ಅಂದರೆ ಮೂಢ ಸಂಪ್ರದಾಯ ಅಂತ ನಾವು ಬೈಯೋದಕ್ಕೆ ಬಳಸುವ ಪದ. ಆಗ ಅದು ಒಂದು ಇಲಾಖೆಯ ಹೆಸರು. ಅರ್ಧ ಸೈನ್ಯ, ಅರ್ಧ ಪೊಲೀಸ್. ಅದರ ಕತೆ ಹೇಳೋಕೆ ಕಾರಣ ಇದೆ. ಸೈನ್ಯದಿಂದ ಹೊರಬಂದವನು ಪೊಲೀಸ್ ಆಗಬಹುದಾ ಅನ್ನೋ ಪ್ರಶ್ನೆ ನಮ್ಮ ನಾಡಿನಲ್ಲಿ ಇನ್ನೂರು ವರ್ಷಕ್ಕಿಂತ ಹಳೆಯದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅವನ ಸೈನ್ಯದ ಸಾವಿರಾರು ಜನ ಒಂದೇ ಏಟಿಗೆ ನಿರುದ್ಯೋಗಿಗಳಾದರು. ಸಂಬಳ ಇಲ್ಲ, ಆದರೆ ಆಯುಧ ಹಿಡಿಯೋದು ಚೆನ್ನಾಗಿ ಗೊತ್ತು! ಇಂಥವರು ಎಲ್ಲಿಗೆ ಹೋಗಬೇಕು?

ಒಂದಷ್ಟು ಜನ ಹೋಗಿದ್ದು ಧೋಂಡಿಯಾ ವಾಘ್ ಹಿಂದೆ. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಈತ, ಕೆಲಸ ಕಳಕೊಂಡ ಸೈನಿಕರನ್ನೇ ಸೇರಿಸಿ ದಂಡು ಕಟ್ಟಿದ. ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಕೋನಗಲ್ ಹತ್ತಿರ ಅವನನ್ನ ಮುಗಿಸಬೇಕಾಯಿತು.

ದಿವಾನ್ ಪೂರ್ಣಯ್ಯ ಹಿಡಿದ ದಾರಿ ಬೇರೆ. ಕುದುರೆ ಸವಾರರಿಗೆ ಸಿಲ್ಲೇದಾರ್ ಪಡೆ, ಕಾಲಾಳುಗಳಿಗೆ ಬಾರ್ ಪಡೆ ಮಾಡಿದರು. ಹಳ್ಳಿಗಳಲ್ಲಿದ್ದ ಪರಂಪರೆಯ ಪೇದೆಗಳನ್ನ ಕಂದಾಚಾರಕ್ಕೆ ತಗೊಂಡರು. ಸುಮಾರು 20 ಸಾವಿರ ಜನ. ಊರಲ್ಲೇ ಇದ್ದು ಬೇಸಾಯ ಮಾಡಿಕೊಂಡಿರಬೇಕು, ಅದಕ್ಕೆ ಸಣ್ಣ ಸಂಬಳ. ಹೊರಗೆ ಕರೆದಾಗ ಭತ್ಯೆ. ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಆಗಲೇ ಈ ಏರ್ಪಾಡನ್ನ ವರದಿ ಮಾಡಿದ್ದ. ಹಾಗಲವಾಡಿ, ಮಧುಗಿರಿ, ಮಿಡಿಗೇಶಿ ಅಂತ ಪಾಳೇಗಾರರಿಂದಲೇ ತುಂಬಿದ್ದ ನಮ್ಮ ತುಮಕೂರು ಸೀಮೆಗೆ ಇದು ಎಷ್ಟು ದೊಡ್ಡ ವಿಷಯ ಅಂತ ಊಹಿಸಿಕೊಳ್ಳಿ.

"ನೀನು ಯಾರ ಕಡೆ ಇದ್ದೆ?" ಅನ್ನೋದು ಇಲ್ಲಿ ಅಡ್ಡ ಬರಲಿಲ್ಲ. ಪೂರ್ಣಯ್ಯನವರೇ ಟಿಪ್ಪುವಿನ ಆಡಳಿತದಿಂದ ಬಂದವರು ತಾನೇ :)

ಆಮೇಲೆ ಕಾಲ ಬದಲಾಯಿತು. 1857ರ ದಂಗೆಯ ನಂತರ ಬಂದ 1861ರ ಪೊಲೀಸ್ ಕಾಯಿದೆ ಸೈನ್ಯವೇ ಬೇರೆ, ಪೊಲೀಸೇ ಬೇರೆ ಅಂದಿತು. ಮುಂದೆ ಮೈಸೂರಿಗೂ ಅದೇ ಮಾದರಿ ಬಂದು ಕಂದಾಚಾರ ಮರೆಯಾಯಿತು. ಎರಡರ ನಡುವೆ ಈಗ ಉಳಿದಿರೋ ಸೇತುವೆ ಒಂದು ಕಾಗದ.

ಸಾಫ್ಟ್‌ವೇರ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಹೊಸ ಕೆಲಸಕ್ಕೆ ಸೇರುವಾಗ ರಿಲೀವಿಂಗ್ ಲೆಟರ್ ಕೇಳ್ತಾರಲ್ಲ, ಹಾಗೇ ಇದು. 1950ರ ಸೇನಾ ಕಾಯಿದೆಯ 23ನೇ ಕಲಮಿನ ಪ್ರಕಾರ ಸೇವೆ ಮುಗಿದ ಸೈನಿಕನಿಗೆ ಪ್ರಮಾಣಪತ್ರ ಕೊಡಬೇಕು. ಸೇವೆ ಮುಗಿಸಿದ ಅಧಿಕಾರಿ ಯಾರು, ಕಾರಣ ಏನು, ಒಟ್ಟು ಸೇವೆ ಎಷ್ಟು ಅಂತ ಅದರಲ್ಲಿರಬೇಕು. ಖುಷಿಯ ವಿಷಯ ಏನು ಗೊತ್ತಾ? ಇಂಗ್ಲಿಷಿನ ಜೊತೆಗೆ ಸೈನಿಕನ ಮಾತೃಭಾಷೆಯಲ್ಲೂ ಇರಬೇಕು! ಅಂದರೆ ನಮ್ಮ ಹುಡುಗರಿಗೆ ಕನ್ನಡದಲ್ಲಿ.

ಆ 'ಕಾರಣ' ಅನ್ನೋ ಒಂದು ಸಾಲಿನ ಮೇಲೇ ಎಲ್ಲಾ ನಿಂತಿರೋದು. ಕರ್ನಾಟಕದಲ್ಲಿ ಪೊಲೀಸ್ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲಾತಿ ಇದೆ. ಸೇವೆಯ ವರ್ಷಗಳಿಗೆ ಮೂರು ಸೇರಿಸಿ ವಯಸ್ಸಿನ ಸಡಿಲಿಕೆಯೂ ಉಂಟು. ಆದರೆ ಮಾಜಿ ಸೈನಿಕ ಅಂದರೆ ಯಾರು? ಪಿಂಚಣಿ ಗಳಿಸಿ ಬಂದವನು, ಸೇವೆಯಿಂದಾದ ಗಾಯ-ಕಾಯಿಲೆಯಿಂದ ಬಿಡುಗಡೆಯಾದವನು, ಸಿಬ್ಬಂದಿ ಕಡಿತದಲ್ಲಿ ಬಂದವನು. ದುರ್ನಡತೆ, ಅದಕ್ಷತೆ ಅಂತ ಬರೆದಿದ್ದರೆ ಮೀಸಲಾತಿ ಇಲ್ಲ. ಪಿಂಚಣಿಗೆ ಮೊದಲೇ ಸ್ವಂತ ಕೋರಿಕೆಯಿಂದ ಬಂದರೂ ಸಾಮಾನ್ಯವಾಗಿ ಇಲ್ಲ. ಡಿಸ್ಮಿಸ್ ಆದವನಿಗಂತೂ ಸರ್ಕಾರಿ ನೌಕರಿಯೇ ಕಷ್ಟ.

ಈ ಸಾಲನ್ನ ಮನಸ್ಸಿಗೆ ಬಂದ ಹಾಗೆ ಬರೆಯುವಂತಿಲ್ಲ ಅನ್ನೋದೂ ಮುಖ್ಯ. ಶಿಕ್ಷೆಯ ನಾಲ್ಕು 'ಕೆಂಪು ಶಾಯಿ' ನಮೂದು ಬಿತ್ತು ಅನ್ನೋ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಮನೆಗೆ ಕಳಿಸಬಾರದು, ವಿಚಾರಣೆ ಬೇಕು ಅಂತ 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈಗ ಅಗ್ನಿವೀರರ ವಿಷಯಕ್ಕೆ ಬನ್ನಿ. 2022ರ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಶೇ. 25ರವರೆಗೆ ಮಾತ್ರ ಕಾಯಂ. ಉಳಿದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನವೂ ಇಲ್ಲ. ಅವರ ಕಾಗದದಲ್ಲಿ ಯಾವ ಕಪ್ಪುಚುಕ್ಕೆಯೂ ಇರಲ್ಲ, ಆದರೂ ಆ ಹಳೇ ವ್ಯಾಖ್ಯೆಯೊಳಗೆ ಅವರು ಕೂರೋದಿಲ್ಲ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ. 10 ಮೀಸಲು ಅಂತ 2022ರಲ್ಲೇ ಘೋಷಣೆಯಾಯಿತು, ಸರಿ. ಆದರೆ ಇಪ್ಪತ್ತೈದರ ಆಸುಪಾಸಿನ ಹುಡುಗ ವಾಪಸ್ ಬರೋದು ದೆಹಲಿಗಲ್ಲ, ಬೆಳ್ಳಾವಿಯಂಥ ಹೋಬಳಿಗೆ.

ಪ್ರತಿಯೊಬ್ಬನಿಗೂ ಲಾಠಿ ಕೊಡಿ ಅಂತ ನಾನು ಹೇಳ್ತಿಲ್ಲ. ದುರ್ನಡತೆಯಿಂದ ಹೊರಬಿದ್ದವನನ್ನ ಠಾಣೆಯಲ್ಲಿ ಕೂರಿಸದೇ ಇರೋದೇ ಒಳ್ಳೇದು. ಆದರೆ ಚೆನ್ನಾಗಿ ದುಡಿದು ಬಂದವನಿಗೆ ಜಾಗ ಹುಡುಕೋದು ಅವನ ತಲೆನೋವು ಮಾತ್ರ ಅಲ್ಲ, ರಾಜ್ಯದ ಕೆಲಸವೂ ಹೌದು. ಇದು ಪೂರ್ಣಯ್ಯನವರಿಗೆ 1799ರಲ್ಲೇ ಗೊತ್ತಿತ್ತು.

ನಿಮ್ಮ ಕಡೆ ಹಿರಿಯರ ಬಾಯಲ್ಲಿ ಹೋಬಳಿದಾರ, ಕಿಲ್ಲೇದಾರ ಅನ್ನೋ ಪದಗಳು ಉಳಿದಿದ್ದರೆ ಖಂಡಿತ ಬರೆದು ತಿಳಿಸಿ.